ಫಟಫಟಿಗೆ ಉಡಿ ತುಂಬಿದ ಕೆಂಪವ್ವ

"ಫಟ್, ಫಟ್, ಫುಸ್!"

ಕಟಕೋಳ ಊರಿನ ಮನೆಯಂಗಳದಲ್ಲಿ ಕೆಂಪವ್ವನ ಅಪ್ಪನ ಫಟಫಟಿ ಬೈಕು ಕೆಮ್ಮಿತು. ಹಿಂದಿನ ಕೊಳವೆಯಿಂದ ಕರ್ರಗಿನ ಹೊಗೆ ಬುಸ್ಸೆಂದು ಬಂದು, ಹಗ್ಗದ ಮೇಲೆ ಒಣಗುತ್ತಿದ್ದ ಅವನದೇ ಬಿಳಿ ಧೋತರಕ್ಕೆ ಬಡಿಯಿತು.

"ಮಾರಿದಾಂವ ನನಗ ಟೊಪ್ಪಿಗಿ ಹಾಕ್ಯಾನ!" ಎಂದು ಅಪ್ಪ ಹಣೆ ಚಚ್ಚಿಕೊಂಡ. ಗಾಡಿ ಕೊಂಡು ತಂದದ್ದು ನಿನ್ನೆಯಷ್ಟೇ.

ಐದನೆಯ ಇಯತ್ತೆಯಲ್ಲಿ ಓದುವ ಕೆಂಪವ್ವ ಪ್ಯಾಡು, ಪೆನ್ಸಿಲ್ಲು ಹಿಡಿದು ನಿಂತಿದ್ದಳು. ಹತ್ತು ಗಂಟೆಗೆ ರಾಮದುರ್ಗದಲ್ಲಿ ಅವಳ ಸ್ಕಾಲರ್‌ಶಿಪ್ ಪರೀಕ್ಷೆ. ನಮ್ಮದೇ ಗಾಡಿ ಇದೆಯಲ್ಲ ಎಂಬ ಧಿಮಾಕಿನಲ್ಲಿ ಅಪ್ಪ ಮಗಳು ಬೆಳಗಿನ ಬಸ್ಸಿಗೆ ಟಾಟಾ ಮಾಡಿ ಕಳಿಸಿದ್ದರು.

"ಪೆಟ್ರೋಲ್ ಜಾಸ್ತಿ ಕುಡಿಯಾಕತ್ತೇತಿ," ಎಂದು ಅಪ್ಪ ದೊಡ್ಡ ಮೇಸ್ತ್ರಿಯ ಹಾಗೆ ಸ್ಕ್ರೂ ತಿರುವಿ ಪೆಟ್ರೋಲ್ ಕಡಿಮೆ ಮಾಡಿದ. ಕಿಕ್ ಹೊಡೆದ. ಮತ್ತೆ ಕಪ್ಪು ಹೊಗೆ. ಇನ್ನೊಂದು ಸುತ್ತು ತಿರುವಿದ.

ಅಜ್ಜಿ ಶಟ್ಟೆವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದಳು. ಕಾವಿಗೆ ಹೆದರದ ತನ್ನ ಬೆರಳನ್ನು ಕೊಳವೆಯ ಬಾಯಿಗೆ ಒರೆಸಿ ನೋಡಿದಳು.

"ಇದು ಗಾಳಿ ಸಿಗದ ಒಲಿ ಮಸಿ. ಮೊನ್ನಿ ಈ ಕೆಂಪಿ ಒಲಿ ತುಂಬ ಕಟಗಿ ತುರುಕಿದಾಗ ಹಿಂಗ ಆಗಿತ್ತು. ಇದಕ್ಕ ಎಲ್ಲೋ ಉಸಿರು ಕಟ್ಟೇತಿ ನೋಡೋ."

ಕೆಂಪವ್ವನ ಕೈಯಿಂದ ಪೆನ್ಸಿಲ್ ಬಿತ್ತು.

ನಿನ್ನೆ ಸಂಜೆ ಅಜ್ಜಿ ಗಾಡಿಗೆ ಆರತಿ ಬೆಳಗಿ, "ಲಕ್ಷ್ಮಿ ಮನಿಗೆ ಬಂದಾಳ, ಉಡಿ ತುಂಬವ್ವಾ," ಎಂದು ಅವಳ ಕೈಗೆ ಅಕ್ಕಿ, ಎಲೆ ಅಡಿಕೆ, ಕುಬುಸದ ಹೊಸ ಖಣ ಕೊಟ್ಟಿದ್ದಳು. ಫಟಫಟಿಗೆ ಸೆರಗು ಎಲ್ಲಿಂದ ಬರಬೇಕು? ಹುಡುಕಿ ಹುಡುಕಿ ಸೀಟಿನ ಕೆಳಗೊಂದು ದುಂಡನೆಯ ತೂತು ಸಿಕ್ಕಿತ್ತು. ಅಕ್ಕಿ, ಎಲೆ ಅಡಿಕೆಯನ್ನು ಸೀಟಿನ ಮೇಲಿಟ್ಟು, ಖಣವನ್ನು ಆ ತೂತಿನೊಳಗೆ ಭಕ್ತಿಯಿಂದ ಒತ್ತಿ ಒತ್ತಿ ತುಂಬಿದ್ದಳು.

ಹೇಳಿದರೆ ಬೈಗುಳ ಗ್ಯಾರಂಟಿ. ಹೇಳದಿದ್ದರೆ ಪರೀಕ್ಷೆಗೆ ರಾಮ ರಾಮ. ಕೆಂಪವ್ವ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಖಣ ಹೊರಗೆಳೆದಳು.

"ನಾನಽ ತುರುಕಿದ್ದೆ, ಅಪ್ಪಾ."

ಅಪ್ಪ ಬೈಯಲು ಬಾಯಿ ತೆರೆದ. "ನಾನಽ ಹೇಳಿದ್ದೆ ಬಿಡೋ!" ಎಂದು ಅಜ್ಜಿ ಅಡ್ಡ ಬಂದಳು. "ಮೊದಲ ಕಿಕ್ ಹೊಡಿ!"

ಹೊಡೆದ. ಈ ಸಲ ಹೊಗೆಯೇ ಇಲ್ಲ. ಗಾಡಿ 'ಠಪ್' ಎಂದು ಸತ್ತಿತು. ಮತ್ತೆ ಹೊಡೆದ. ಠಪ್. "ಮುಗೀತು ಕತಿ," ಎಂದ ಅಪ್ಪ.

ಕೆಂಪವ್ವ ಕೊಳವೆಯನ್ನೇ ನೋಡಿದಳು. ಒಲೆಯಲ್ಲಿ ಒಂದೇ ಒಂದು ಕಡ್ಡಿ ಇಟ್ಟು ಜೋರಾಗಿ ಊದಿದರೂ ಬೆಂಕಿ ಹೀಗೇ ಆರುತ್ತಿತ್ತು.

"ಅಪ್ಪಾ, ಈಗ ಗಾಳಿ ಐತಿ, ಪೆಟ್ರೋಲ್ ಸಾಲವಲ್ದು. ನೀ ಮುಂದಕ್ಕ ತಿರುವಿದ್ದಷ್ಟು ಹಿಂದಕ್ಕ ತಿರುವು."

ಅಪ್ಪ ಅವಳ ಮುಖ ನೋಡಿದ, ಸ್ಕ್ರೂ ನೋಡಿದ, ತಿರುವಿದ. ಫಟಫಟಫಟ! ಹೊಗೆ ಕಂಡೂ ಕಾಣದಷ್ಟು ತೆಳ್ಳಗಿತ್ತು. ಕೆಂಪವ್ವ ಜಿಗಿದು ಹಿಂದೆ ಕುಳಿತಳು.

"ನಿಂದರ್ರಿ! ಬರಿ ಉಡಿಲೆ ಹೋಗಬಾರದು!" ಎನ್ನುತ್ತ ಅಜ್ಜಿ ಖಣ ಹಿಡಿದು ಓಡಿ ಬಂದಳು.

"ನನ್ನ ಉಡ್ಯಾಗ ಹಾಕು, ಆಯಿ," ಎಂದು ಕೆಂಪವ್ವ ಲಂಗ ಚಾಚಿದಳು.

ರಾಮದುರ್ಗದ ಸಾಲೆಯಲ್ಲಿ ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಮುಟ್ಟಿದರು. ದಾರಿಯುದ್ದಕ್ಕೂ ಕೆಂಪವ್ವ ಪಾಠ ಓದಲಿಲ್ಲ. ತಿರುತಿರುಗಿ ಕೊಳವೆಯನ್ನೇ ನೋಡುತ್ತಿದ್ದಳು, ಅದು ಇನ್ನೇನಾದರೂ ಹೇಳೀತೇನೋ ಎಂದು.