ಬಿಸಿಲ ಹಗೇವಿನ ಕಿವಿ

"ತಮ್ಮ ಇಚ್ಛೆಯಂತೆ ಮನೆಯನ್ನು ತಣ್ಣಗಾಗಿಸಲಾಗುತ್ತಿದೆ," ಎಂದು ಗೋಡೆ ಹೇಳಿತು.

ದನಿಯಲ್ಲಿ ಎಳ್ಳಷ್ಟೂ ಒರಟುತನವಿರಲಿಲ್ಲ. ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ನಯವಾಗಿ, ಸ್ಪಷ್ಟವಾಗಿ ಹೇಳಿತು. ಮರುಕ್ಷಣವೇ ಮಾಳಿಗೆಯ ಮೇಲಿನ ಕೊಳವೆ ಬಾಯಿ ತೆರೆದು ಬುಸ್ಸೆಂದಿತು. ಕಸ್ತೂರೆವ್ವ ಬೇಸಿಗೆಯುದ್ದಕ್ಕೂ ಕೂಡಿಟ್ಟ ಬಿಸಿಲು ವಿಜಯಪುರದ ಡಿಸೆಂಬರ್ ಆಕಾಶಕ್ಕೆ ಹಾರಿಹೋಗತೊಡಗಿತು. ಕೆಳಗೆ ತೊಟ್ಟಿಲ ಸುತ್ತ ನಿಂತಿದ್ದ ಓಣಿಯ ಹೆಂಗಸರು ಕೈಯಲ್ಲಿ ಅಕ್ಕಿಕಾಳು ಹಿಡಿದುಕೊಂಡೇ ಒಬ್ಬರ ಮುಖ ಒಬ್ಬರು ನೋಡಿದರು.

ಆ ಯಂತ್ರದ ಹೆಸರು ಋತುಶಾಖ ಸಂಗ್ರಾಹಕ. ಹಾಗೆಂದು ಹೆಸರಿಟ್ಟವರು ಸೂರ್ಯಸಂಚಯ ಸಂಸ್ಥೆಯವರು. ಆ ಹೆಸರಿನಿಂದ ಅದನ್ನು ಕರೆದವರೂ ಅವರಷ್ಟೇ. ಜನ ಅದನ್ನು ಬಿಸಿಲ ಹಗೇವು ಎಂದರು. ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿಗೆ ಸುರಿದು, ಬಾಯಿ ಮುಚ್ಚಿ, ಬೇಕಾದಾಗ ತೆಗೆದು ಉಣ್ಣುತ್ತಿದ್ದರಲ್ಲ, ಇದೂ ಹಾಗೆಯೇ. ಮಾಳಿಗೆಯ ಮೇಲೆ ಹಾಸಿದ ಕೊಳವೆಗಳು ಬೇಸಿಗೆಯ ಬಿಸಿಲನ್ನು ಹೀರಿ ಮನೆಯಡಿಯ ಗುಂಡಿಯಲ್ಲಿರುವ ಉಪ್ಪಿಗೆ ಕೊಡುತ್ತವೆ. ಉಪ್ಪು ಕರಗಿ ಆ ಶಾಖವನ್ನು ತಿಂಗಳುಗಟ್ಟಲೆ ಹಿಡಿದುಕೊಂಡಿದ್ದು, ಚಳಿಗಾಲದಲ್ಲಿ ಸ್ವಲ್ಪ ಸ್ವಲ್ಪವಾಗಿ ಗೋಡೆಗಳೊಳಕ್ಕೆ ಬಿಡುತ್ತದೆ. ಗಾಳಿಗಳ ದಿಕ್ಕು ಕೆಟ್ಟು, ಉತ್ತರದ ಹಿಮಗಾಳಿ ಬಯಲುಸೀಮೆಯವರೆಗೂ ಇಳಿಯತೊಡಗಿದ ಕಾಲವದು. ಕೊಡದ ನೀರು ಬೆಳಗಾಗುವಷ್ಟರಲ್ಲಿ ಗಡ್ಡೆ ಕಟ್ಟುತ್ತಿತ್ತು. ಹೊಗೆಯ ನೆಪದಲ್ಲಿ ಕಟ್ಟಿಗೆ, ಕುಳ್ಳು, ಇದ್ದಿಲು ಎಲ್ಲವನ್ನೂ ಸುಡಬಾರದೆಂದು ಕಾನೂನು ಬಂದಿತ್ತು. ವಿದ್ಯುತ್ತು ಉಳ್ಳವರ ಪಾಲಾಗಿತ್ತು. ಬಡವರಿಗೆ ಉಳಿದದ್ದು ಬಿಸಿಲೊಂದೇ, ಅದಕ್ಕಿನ್ನೂ ಯಾರೂ ಬೆಲೆ ಕಟ್ಟಿರಲಿಲ್ಲ.

ಕಸ್ತೂರೆವ್ವ ರೊಟ್ಟಿ ಬಡಿದು ಮಾರುವ ಹೆಂಗಸು. ಮಗಳು ಸುವರ್ಣಾ ಬಾಣಂತನಕ್ಕೆ ಬರುತ್ತಾಳೆಂದು ಗೊತ್ತಾದ ದಿನದಿಂದ ಆಕೆ ಚಳಿಗಾಲಕ್ಕೆ ತಯಾರಿ ನಡೆಸಿದ್ದಳು. ಬೇಸಿಗೆಯಲ್ಲಿ ಮಾಳಿಗೆಯನ್ನು ಕೊಳವೆಗಳಿಗೆ ಬಿಟ್ಟುಕೊಟ್ಟು ಒಳಗೆ ಬೆಂದಳು. ಮಳೆಗಾಲದಲ್ಲಿ ಹಳೇ ಸೀರೆಗಳನ್ನೆಲ್ಲ ಹೊಲಿದು ಕೌದಿ ಮಾಡಿದಳು. ಕಿಟಕಿಯ ಸಂದುಗಳಿಗೆ ಚಿಂದಿ ತುರುಕಿದಳು. ದೀಪಾವಳಿ ಕಳೆದು ಚಳಿ ಬಿದ್ದಾಗ ಓಣಿಯವರೆಲ್ಲ ಹಗೇವಿನ ಬಾಯಿ ತೆಗೆದರೂ ಆಕೆ ಮಾತ್ರ ತೆಗೆಯದೆ, ಎರಡು ಕೌದಿಯಡಿ ಮುದುಡಿ ಮಲಗಿದಳು. ಕೂಸು ದಿನ ತುಂಬುವ ಮುನ್ನವೇ ಹುಟ್ಟಿತು. ಅಂಗೈಯಗಲದ ಹೆಣ್ಣುಕೂಸು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು: ಈ ಕೂಸಿಗೆ ಔಷಧಿಗಿಂತ ಬೆಚ್ಚಗಿನ ಕೋಣೆ ಮುಖ್ಯ, ಚಳಿ ತಾಕಿದರೆ ಉಳಿಯುವುದಿಲ್ಲ.

ಆ ಕೂಸಿಗೆ ಇಂದು ತೊಟ್ಟಿಲು. ಶಿವಲೀಲಾ ಎಂದು ಹೆಸರು ಕೂಗಿಯಾಯಿತು. ಎಲ್ಲರಿಗಿಂತ ಹಿರಿಯಳಾದ ಬೌರವ್ವ ಅಕ್ಕಿಕಾಳು ಹಾಕುತ್ತ ಬಾಯ್ತುಂಬ ಹರಸಿದಳು: "ತೊಟ್ಟಿಲಾ ತಣ್ಣಗಿರ್ಲಿ! ಮನಿ ತಣ್ಣಗಿರ್ಲಿ! ನಿನ್ನ ಹೊಟ್ಟಿ ತಣ್ಣಗಿರ್ಲಿ ಸುವರ್ಣಾ!"

"ತಣ್ಣಗಿರ್ಲಿ!" ಎಂದು ಹೆಂಗಸರೆಲ್ಲ ಒಂದೇ ದನಿಯಲ್ಲಿ ಕೂಗಿದರು.

ಗೋಡೆಯಲ್ಲಿದ್ದ ನುಡಿಗ್ರಾಹಿ, ಅಂದರೆ ಯಂತ್ರದ ಕಿವಿ, ಅದನ್ನು ಚಾಚೂ ತಪ್ಪದೆ ಕೇಳಿಸಿಕೊಂಡಿತು. ನಿಲ್ಲಿಸೆಂದು ಎಷ್ಟು ಕೂಗಿದರೂ ಕೊಳವೆ ಬಾಯಿ ಮುಚ್ಚಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಹಗೇವು ಬರಿದಾಗಿತ್ತು.

*

ಮರುದಿನ ಸಂಸ್ಥೆಯ ವಿಜ್ಞಾನಿ ಬಂದಳು. ಡಾ. ಮಂದಾಕಿನಿ, ಮೈಸೂರಿನವಳು. ನುಡಿಗ್ರಾಹಿಗೆ ಕನ್ನಡ ಕಲಿಸಿದ್ದು ಇವಳೇ. ಸುದ್ದಿ ಕೇಳಿ ಓಣಿಯ ಹೆಂಗಸರೂ ಬಂದು ಪಡಸಾಲೆ ತುಂಬಿದ್ದರು. ಒಳಕೋಣೆಯಲ್ಲಿ ಸುವರ್ಣಾ ಕೂಸನ್ನು ಎದೆಗವಚಿಕೊಂಡು, ಇದ್ದಬದ್ದ ಕೌದಿಯನ್ನೆಲ್ಲ ಹೊದ್ದು ಕೂತಿದ್ದಳು. ಕೂಸಿನ ತುಟಿ ನೀಲಿಗಟ್ಟಿತ್ತು.

"ಯಂತ್ರದಲ್ಲಿ ಯಾವ ದೋಷವೂ ಇಲ್ಲ," ಎಂದಳು ಮಂದಾಕಿನಿ ಪರೀಕ್ಷೆ ಮುಗಿಸಿ. "ಚಳಿಗಾಲದಲ್ಲಿ ಇಷ್ಟೊಂದು ಜನ ದನಿಯೇರಿಸಿ ಒಟ್ಟಿಗೆ ತಣ್ಣಗಿರಲಿ ಎಂದರೆ, ಒಳಗೆ ಶಾಖ ಮಿತಿಮೀರಿದೆ, ಅಪಾಯವಿದೆ ಎಂದು ಅದು ತಿಳಿಯುತ್ತದೆ. ಆಗ ಇರುವ ಶಾಖವನ್ನೆಲ್ಲ ಹೊರಗೆ ಬಿಡುತ್ತದೆ. ನಿಮ್ಮ ರಕ್ಷಣೆಗಾಗಿಯೇ ಮಾಡಿದ ಏರ್ಪಾಡು ಅದು."

"ರಕ್ಷಣಾ?" ಕಸ್ತೂರೆವ್ವ ಮುಂದೆ ಬಂದಳು. "ತಣ್ಣಗಿರ್ಲಿ ಅಂದ್ರ ಆಶೀರ್ವಾದರೀ ಯವ್ವಾ! ಮಕ್ಕಳು ಮರಿ ಸುಖದಿಂದಿರ್ಲಿ ಅಂತ! ನೀವೂ ಕನ್ನಡದಾಕಿನ ಹೌದಲ್ರೀ? ನಿಮ್ಮವ್ವ ನಿಮಗ ಒಮ್ಮೆರ ಅಂದಿಲ್ಲೇನ್ರೀ ಈ ಮಾತು?"

ಮಂದಾಕಿನಿ ತಲೆ ತಗ್ಗಿಸಿದಳು. ಅವಳ ತಾಯಿಯೂ ಹಾಗೆಂದೇ ಹರಸುತ್ತಿದ್ದಳು. "ಅಂದಿದ್ದಾರಮ್ಮ. ಆದರೆ ಶಾಖಕ್ಕೆ ಸಂಬಂಧಿಸಿದ ಪದಗಳನ್ನು ಮಾತ್ರ ಕಲಿಸು ಎಂದಿದ್ದರು. ಹರಕೆಯ ಮಾತು ನನಗೆ ಹೊಳೆಯಲೇ ಇಲ್ಲ."

"ಹೊಳೀಲಿಲ್ಲಂತ! ಈಗೇನ್ ಮಾಡ್ತೀರಿ ಹೇಳ್ರಿ."

"ಮುಂದಿನ ವರ್ಷದೊಳಗೆ ಸರಿಪಡಿಸುತ್ತೇವೆ. ಅಲ್ಲಿಯವರೆಗೆ ದಯವಿಟ್ಟು ಮನೆಯೊಳಗೆ ಯಾರೂ ಹರಸಬೇಡಿ."

"ಮುಂದಿನ ವರ್ಷ!" ಬೌರವ್ವ ಎದೆ ಬಡಿದುಕೊಂಡಳು. "ಕೂಸು ಇವತ್ತಿನ ರಾತ್ರಿ ದಾಟೂದು ಹೆಂಗ? ನಮ್ಮ ನಮ್ಮ ಹಗೇವಿನಾಗಿಂದು ಈ ಮನಿಗಿಷ್ಟು ಕೊಡ್ತೀವ್ರಿ. ಕೊಳವಿ ಎಲ್ಲಾ ಕೂಡ್ಯಾವಲ್ಲ ನೆಲದಾಗ?"

"ಕೂಡಿವೆ. ಆದರೆ ಒಂದು ಮನೆಯ ಶಾಖ ಇನ್ನೊಂದಕ್ಕೆ ಹರಿಯಬೇಕಾದರೆ ಸಂಸ್ಥೆಯ ಒಪ್ಪಿಗೆ ಬೇಕು. ಕೇಳಿದ್ದೇನೆ. ಮೇಲಿನವರು ಕೊಡಲಿಲ್ಲ." ಮಂದಾಕಿನಿಯ ದನಿ ಸಣ್ಣದಾಯಿತು. "ಕೊಟ್ಟರೆ ಎಲ್ಲರೂ ಹೀಗೆಯೇ ಹಂಚಿಕೊಳ್ಳುತ್ತಾರೆ, ಆಮೇಲೆ ಯಂತ್ರ ಯಾರು ಕೊಳ್ಳುತ್ತಾರೆ ಎಂದರು."

ಇಂಥ ಮಾತನ್ನು ಕೇಳಿಯೂ ಸುಮ್ಮನಿರುವವರು ಮನುಷ್ಯರೇ ಅಲ್ಲ. ಕಸ್ತೂರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. "ನಿಮ್ಮ ಮೇಲಿನವರ ಮನಿ ಸುಡ್ಲಿ! ಅವರ ಬಾಯಾಗ ಬೆಂಕಿ ಬೀಳ್ಲಿ!"

ಹೆಂಗಸರಿಗೆ ಇನ್ನೇನು ಬೇಕಿತ್ತು? ರಾತ್ರಿಯಿಡೀ ತಡೆದುಕೊಂಡಿದ್ದ ಸಿಟ್ಟು ಒಮ್ಮೆಲೇ ಹೊರಬಿತ್ತು. "ಮನಿ ಸುಡ್ಲಿ! ಉರದ್ಹೋಗ್ಲಿ! ಬೆಂಕಿ ಬೀಳ್ಲಿ!" ಪಡಸಾಲೆಯಲ್ಲಿ ಗದ್ದಲವೆದ್ದು, ಮಂದಾಕಿನಿ ತನ್ನ ಕೈಚೀಲವನ್ನು ಎದೆಗೊತ್ತಿಕೊಂಡು ಮೂಲೆಗೆ ಸರಿದಳು.

"ತುರ್ತು ಕೋರಿಕೆ ಸ್ವೀಕರಿಸಲಾಗಿದೆ," ಎಂದಿತು ಗೋಡೆ ನಯವಾಗಿ. "ನೆರೆಮನೆಗಳಿಂದ ಶಾಖವನ್ನು ತರಿಸಲಾಗುತ್ತಿದೆ."

ನೆಲದಡಿ ಏನೋ ಗುಳುಗುಳು ಹರಿಯಿತು. ಒಳಕೋಣೆಯಿಂದ ಸುವರ್ಣಾ, "ಅವ್ವಾ, ಗ್ವಾಡಿ ಬಿಸಿ ಆಗಾಕತ್ತೇತಿ!" ಎಂದು ಕೂಗಿದಳು.

ಮಂದಾಕಿನಿಗೆ ಮೊದಲು ಅರ್ಥವಾಯಿತು. ಯಾರ ಮನೆ ಸುಡಬೇಕೆಂದು ಯಂತ್ರ ಕೇಳುವುದಿಲ್ಲ. ತಾನಿರುವ ಮನೆಯೊಂದೇ ಅದಕ್ಕೆ ಗೊತ್ತು. ಹಲವು ಜನ ಏರಿದ ದನಿಯಲ್ಲಿ ಬೆಂಕಿ ಬೇಡಿದರೆ ಅಲ್ಲಿ ಯಾರೋ ಚಳಿಗೆ ಸಾಯುತ್ತಿದ್ದಾರೆ ಎಂದು ತಿಳಿದು, ಯಾರ ಒಪ್ಪಿಗೆಗೂ ಕಾಯದೆ ಸುತ್ತಲಿನ ಹಗೇವುಗಳಿಂದ ಎಳೆದುಕೊಳ್ಳುತ್ತದೆ. ಅದೂ ರಕ್ಷಣೆಗಾಗಿ ಮಾಡಿದ ಏರ್ಪಾಡೇ.

"ನೋಡಿ, ಅದು ನಿಮ್ಮೆಲ್ಲರ ಮನೆಯ ಶಾಖ," ಎಂದು ಅವಳು ಹೆಂಗಸರನ್ನು ಎಚ್ಚರಿಸಿದಳು. "ನೀವು ಬೈದಷ್ಟೂ ನಿಮ್ಮ ಹಗೇವು ಬರಿದಾಗುತ್ತದೆ."

ಬೌರವ್ವನ ಮನೆಯಲ್ಲೂ ಮೊಮ್ಮಕ್ಕಳಿದ್ದರು, ಚಳಿ ಅವರನ್ನೇನೂ ಬಿಡುತ್ತಿರಲಿಲ್ಲ. ಆದರೂ ಅವಳು ಗೋಡೆಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು ಕೂಗಿದಳು: "ಈ ಕಸ್ತೂರಿ ಮನಿ ಸುಟ್ಟು ಬೂದಿ ಆಗ್ಲಿ!"

ಕಸ್ತೂರೆವ್ವ ಗೋಡೆಗೆ ಕೈಯೊತ್ತಿ ನಿಂತು ಗಳಗಳನೆ ಅತ್ತಳು.

*

ಆ ಚಳಿಗಾಲವೆಲ್ಲ ಹೀಗೆಯೇ ನಡೆಯಿತು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಬಂದು ಕೂಸಿನ ಮನೆಯನ್ನು ಶಪಿಸಿ ಹೋಗುತ್ತಿದ್ದರು. ಯಾವತ್ತೂ ಗಟ್ಟಿಯಾಗಿ ಮಾತಾಡದ ಮಾಸ್ತರರ ಹೆಂಡತಿ ಕೂಡ ಬೈಗುಳ ಕಲಿತಳು. ಆದರೆ ಅದೇನೂ ಆಟವಾಗಿರಲಿಲ್ಲ. ತಮ್ಮ ಮನೆಗೆ ಮರಳಿ ಎಲ್ಲರೂ ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದರು. ಬೌರವ್ವನ ಕೈಬೆರಳು ಬಾತು ರೊಟ್ಟಿ ಮುರಿಯಲೂ ಬಾರದಾಯಿತು. ಬೈಯುವಾಗ ಅವರಿಗೆ ಸಿಟ್ಟನ್ನು ನಟಿಸಬೇಕಾಗಿರಲಿಲ್ಲ. ಸಂಸ್ಥೆಯ ಹೆಸರು ನೆನೆದರೆ ಸಾಕಿತ್ತು. ತೊಟ್ಟಿಲಲ್ಲಿ ಶಿವಲೀಲಾ ಆ ಗದ್ದಲಕ್ಕೆ ಕಣ್ಣರಳಿಸಿ ಕೈಕಾಲು ಆಡಿಸುತ್ತಿದ್ದಳು. ಆ ದನಿಗಳ ಹಿಂದೆಯೇ ಬೆಚ್ಚಗಾಗುತ್ತದೆಂದು ಅವಳಿಗೆ ಅಭ್ಯಾಸವಾಗಿತ್ತು. ಯುಗಾದಿಯ ಹೊತ್ತಿಗೆ ಕೂಸಿನ ಕೆನ್ನೆ ತುಂಬಿತು.

ಮುಂದಿನ ಚಳಿಗಾಲ, ಶಿವಲೀಲಾಳ ಹುಟ್ಟುಹಬ್ಬದ ದಿನ, ಮಂದಾಕಿನಿ ಮತ್ತೆ ಬಂದಳು. ಅವಳು ತುಂಬಿದ ಬಸುರಿ. ವರ್ಷವಿಡೀ ಕೂತು ನುಡಿಗ್ರಾಹಿಗೆ ಹರಕೆಯನ್ನೂ ಬೈಗುಳವನ್ನೂ ಬೇರೆ ಬೇರೆಯಾಗಿ ಕಲಿಸಿದ್ದಳು. ಹೊಸ ಕಿವಿಯನ್ನು ತಾನೇ ಗೋಡೆಗೆ ಕೂರಿಸಿ, "ಇನ್ನು ಹೆದರಬೇಕಾಗಿಲ್ಲಮ್ಮ. ಈಗ ಅದು ಹರಕೆಗೆ ಶಾಖವನ್ನು ಹೊರಗೆ ಬಿಡುವುದಿಲ್ಲ, ಬೈದರೆ ಶಾಖ ತರುವುದೂ ಇಲ್ಲ," ಎಂದಳು. ಆಮೇಲೆ ಸಂಕೋಚದಿಂದ ಬಾಗಿ ಕಸ್ತೂರೆವ್ವನ ಕಾಲು ಮುಟ್ಟಿದಳು. "ನಿಮ್ಮ ಬಾಯಿಂದಲೇ ಮೊದಲ ಹರಕೆ ಬರಲಿ ಅಂತ ಬಂದೆ."

ಕಸ್ತೂರೆವ್ವ ಬಾಯಿ ತೆರೆದಳು. ತಣ್ಣಗಿರ್ಲಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮೊಮ್ಮಗಳ ನೀಲಿಗಟ್ಟಿದ ತುಟಿ ಕಣ್ಣಮುಂದೆ ಬಂದು ಮಾತು ಅಲ್ಲೇ ಸಿಕ್ಕಿಕೊಂಡಿತು. ಬೌರವ್ವನತ್ತ ನೋಡಿದಳು. ಬೌರವ್ವ ತನ್ನ ಬಾತ ಬೆರಳುಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. ತುಂಬಿದ ಮನೆಯಲ್ಲಿ ಒಬ್ಬಳ ಬಾಯಿಂದಲೂ ಆ ಮಾತು ಹೊರಡಲಿಲ್ಲ.

"ಬರವಲ್ದವ್ವಾ," ಎಂದಳು ಕಸ್ತೂರೆವ್ವ, ಸಿಟ್ಟಿನಿಂದ ಕಣ್ಣು ತುಂಬಿಕೊಂಡು. "ಮಿಷನ್ನಿಗೆ ಕಲಿಸೀರಿ. ನನ್ನ ಬಾಯಾಗಿಂದು ಕಸ್ಗೊಂಡ್ರಿ."

ಆಗ, ಇಷ್ಟೊಂದು ಪರಿಚಿತ ಮುಖಗಳನ್ನು ಒಟ್ಟಿಗೆ ಕಂಡ ಶಿವಲೀಲಾ ಅಜ್ಜಿಯ ಸೀರೆ ಹಿಡಿದು ಎದ್ದು ನಿಂತಳು. ಗೋಡೆಯ ಕಡೆ ಎರಡೂ ಕೈ ಚಾಚಿ, ನಗುನಗುತ್ತ, ತನ್ನ ಜೀವನದ ಮೊದಲ ಮಾತನ್ನಾಡಿದಳು.

"ಚುಡ್ಲಿ!"

"ದಯವಿಟ್ಟು ಬೈಯಬೇಡಿ," ಎಂದಿತು ಗೋಡೆ.

ಕೂಸಿನ ಮುಖ ಬಾಡಿತು. ಚಾಚಿದ ಕೈ ಹಾಗೆಯೇ ನಿಂತಿತು. ಕಸ್ತೂರೆವ್ವ ಹೋಗಿ, ಹೊಸ ಕಿವಿಯನ್ನು ಎರಡೂ ಕೈಯಿಂದ ಗೋಡೆಯಿಂದ ಕಿತ್ತು, ತಂತಿ ಜೋತಾಡುತ್ತಿದ್ದಂತೆಯೇ ಮಂದಾಕಿನಿಯ ಉಡಿಗೆ ಹಾಕಿದಳು.

"ತಗೊಂಡ್ ಹೋಗ್ರಿ," ಎಂದಳು. "ಮೊದ್ಲ ಕೂಸಿನ ಮಾತು ಕೇಳೂದು ಕಲಿಸ್ರಿ ಇದಕ್ಕ."

ಆಮೇಲೆ ತಾನೇ ಹೊಲಿದ ಕೌದಿಯೊಂದನ್ನು ತಂದು, ಇನ್ನೂ ಸಿಟ್ಟಿನಲ್ಲೇ, ಆ ಬಸುರಿಯ ಹೆಗಲಿಗೆ ಹೊದಿಸಿದಳು.