ನನ್ನ ಪಾಲಿನ ನೀರು

ಮಂಚ, ಒಲೆ, ಸಿಂಕು ಎಲ್ಲವೂ ಇರುವ ಪುಟ್ಟ ವ್ಯಾನಿನಲ್ಲಿ ಊರೂರು ಸುತ್ತುವುದರ ಸುಖವೆಂದರೆ, ಯಾವುದಕ್ಕೂ ಎದ್ದು ಹೋಗಬೇಕಿಲ್ಲ. ಕಷ್ಟವೆಂದರೆ, ಒಬ್ಬರು ಒಲೆಯ ಬಳಿ ಹೋದರೆ ಇನ್ನೊಬ್ಬರು ಕಾಲು ಮಡಿಸಬೇಕು. ನೀರೂ ಅಷ್ಟೇ. ಟ್ಯಾಂಕಿಗೆ ಹಿಡಿಯುವುದು ನಲವತ್ತು ಲೀಟರ್. ದಿನಕ್ಕೆ ತಲೆಗೆ ಹತ್ತು, ಅದರ ಮೇಲೆ ಒಂದು ಲೋಟವೂ ಇಲ್ಲ ಎನ್ನುವುದು ನಮ್ಮ ಯಜಮಾನರ ಕಟ್ಟುನಿಟ್ಟು.

ಅವರು ತೀರಿಕೊಂಡ ಮೇಲೂ ಟ್ಯಾಂಕು ಎರಡೇ ದಿನಕ್ಕೆ ಖಾಲಿಯಾಗುತ್ತಿತ್ತು. ನಾನೇ ನಲ್ಲಿ ಸರಿಯಾಗಿ ತಿರುಗಿಸುತ್ತಿಲ್ಲವೇನೋ ಎಂದುಕೊಂಡು ಮೆಕ್ಯಾನಿಕ್‌ಗೆ ತೋರಿಸಿದೆ.

"ಒಂದು ತೊಟ್ಟೂ ಸೋರ್ತಿಲ್ಲ ಅಕ್ಕಾ. ಇಬ್ರಿಗೆ ಇಷ್ಟೇ ಬರೋದು."

"ನಾನೊಬ್ಬಳೇ ಇರೋದು."

ಅವನು ಸಿಂಕಿನ ಮೇಲಿದ್ದ ಒದ್ದೆ ಶೇವಿಂಗ್ ಬ್ರಷ್ ನೋಡಿ, ತನ್ನ ಸಾಮಾನು ಚೀಲಕ್ಕೆ ತುಂಬಿಕೊಂಡ.

"ಆ ಡಬ್ಬ ಮಾರಿ ನಮ್ಮನೇಲಿ ಇರು, ಅಕ್ಕ. ಅದರಲ್ಲಿ ಮೈ ಮುರಿಯೋಕೂ ಜಾಗ ಇಲ್ಲ," ಎಂದಳು ತಂಗಿ. ಕೊಳ್ಳುವವರೂ ಸಿಕ್ಕರು. ಟ್ಯಾಂಕು ತುಂಬಿಸಿ, ವ್ಯಾನಿಗೆ ಬೀಗ ಹಾಕಿ, ಎರಡು ದಿನ ತಂಗಿಯ ಮನೆಯಲ್ಲಿದ್ದೆ.

ಕೀಲಿ ಒಪ್ಪಿಸುವ ಮುಂಚೆ ಮನಸ್ಸು ತಡೆಯದೆ ಒಮ್ಮೆ ಬಾಗಿಲು ತೆರೆದು ನೋಡಿದೆ. ಆಮೇಲೆ ಕೀಲಿ ಕೊಡಲು ಕೈ ಬರಲಿಲ್ಲ. ಟ್ಯಾಂಕಿನಲ್ಲಿ ಸರಿಯಾಗಿ ಇಪ್ಪತ್ತು ಲೀಟರ್ ಉಳಿದಿತ್ತು. ನನ್ನ ಪಾಲನ್ನು ಯಜಮಾನರು ಮುಟ್ಟಿರಲಿಲ್ಲ.