ಹಾಡಿನಲ್ಲಿ ಬಂದ ಹೆಸರು

"ಒಳಗ ಬಾ ಅನ್ನೂದಿಲ್ಲೇನ ರೇಣವ್ವಾ? ಎಷ್ಟೊತ್ತು ಹಿಂಗ ಬಾಗಲದಾಗ ನಿಲ್ಲಲಿ?"

ಭರಮಣ್ಣನ ಕೈಯಲ್ಲಿ ಅಕ್ಷತೆಯ ತಟ್ಟೆ, ಕಂಕುಳಲ್ಲಿ ತಂಗಿಗೆಂದು ತಂದ ಇಳಕಲ್ಲ ಸೀರೆ. ಮಗಳು ಮಾಯಕ್ಕನ ಮದುವೆಗೆ ಕರೆಯಲು ಖಾನಾಪುರದಿಂದ ಬೆಳಗಿನ ರೈಲಿಗೇ ಗುಂಜಿಗೆ ಬಂದಿದ್ದ. ಅಕ್ಕಿ ಆರಿಸುತ್ತ ಕೂತಿದ್ದ ರೇಣವ್ವ ತಲೆ ಎತ್ತಲಿಲ್ಲ. ಎಪ್ಪತ್ತೆರಡನೇ ಇಸವಿಯಲ್ಲಿ ತವರಿನ ಬಾಗಿಲು ಬಿಟ್ಟವಳು, ಎಪ್ಪತ್ತೊಂಬತ್ತನೇ ಇಸವಿ ಬಂದರೂ ಅತ್ತ ಹೆಜ್ಜೆ ಇಟ್ಟಿರಲಿಲ್ಲ. ಹೇಗೆ ಇಟ್ಟಾಳು! ಒಬ್ಬನೇ ಮಗ ನಾಗಲಿಂಗನನ್ನು ಮಣ್ಣುಪಾಲು ಮಾಡಿದ್ದು ಈ ಅಣ್ಣನ ಹಾಡೇ ಎಂದು ಊರಿಗೆ ಊರೇ ಆಡಿಕೊಂಡಿತ್ತು.

ಅಯ್ಯೋ, ಎಂಥ ಹಾಡು ಅದು! ಎಪ್ಪತ್ತೊಂದರಲ್ಲಿ, ಯುದ್ಧ ಇಂದೋ ನಾಳೆಯೋ ಎನ್ನುತ್ತಿದ್ದ ದಿನಗಳಲ್ಲಿ, ಸೈನ್ಯಕ್ಕೆ ಹುಡುಗರನ್ನು ಹುರಿದುಂಬಿಸಲು ಹಿರಿಯರು ಭರಮಣ್ಣನಿಂದ ಗೀಗೀ ಪದ ಕಟ್ಟಿಸಿದ್ದರು. ಕನ್ನಡದಲ್ಲೂ ಹಾಡಿದ, ಮರಾಠಿಯಲ್ಲೂ ಹಾಡಿದ. ಡಪ್ಪಿನ ಪೆಟ್ಟು ಬಿದ್ದರೆ ಸಾಕು, ಕೂತ ಹುಡುಗರು ತಡೆಯಲಾರದೆ ಏಳುತ್ತಿದ್ದರು. ಅವನ ಮೇಳಕ್ಕೊಂದು ಪದ್ಧತಿ ಇತ್ತು. ಕೊನೆಯ ನುಡಿಯಲ್ಲಿ ನೆರೆದವರೊಳಗಿನ ಒಬ್ಬರ ಹೆಸರು ಕಟ್ಟಿ ಹಾಡಬೇಕು. ಹೆಸರು ಬಂದವನು ಎದ್ದು ಬಂದು ಹಣೆಗೆ ಅರಿಸಿನದ ಭಂಡಾರ ಹಚ್ಚಿಸಿಕೊಳ್ಳಬೇಕು; ಹಚ್ಚಿಸಿಕೊಂಡರೆ ಸೈನ್ಯಕ್ಕೆ ಹೋಗುತ್ತೇನೆಂದು ಮಾತು ಕೊಟ್ಟಂತೆ. ಏಳದಿದ್ದರೆ, ಇಲ್ಲವೇ ಎದ್ದು ಹಿಂದೆ ಸರಿದರೆ, ಹಾಡಿದವನ ಮಾನ ಹೋಯಿತು, ಆ ಊರಲ್ಲಿ ಅವನು ಮತ್ತೆ ಡಪ್ಪು ಮುಟ್ಟುವ ಹಾಗಿಲ್ಲ.

ಖಾನಾಪುರದ ಸಭೆಯಲ್ಲಿ ಯಾರೋ ಒಬ್ಬ ಕೂಗಿಬಿಟ್ಟ: "ಮಂದಿ ಮಕ್ಕಳ್ನ ಕಳಸೂದ ಆತು, ನಿಮ್ಮ ಮನ್ಯಾಗಿಂದ ಯಾರು ಹೊಂಟಾರಪಾ?" ಜನ ಗೊಳ್ಳೆಂದು ನಕ್ಕರು. ಭರಮಣ್ಣನಿಗೆ ಇದ್ದದ್ದು ಮಗಳೊಬ್ಬಳೇ. ರೋಷ ನೆತ್ತಿಗೇರಿತು... ನಾಗಲಿಂಗನ ಹೆಸರು ಹಾಡಿಬಿಟ್ಟ! ಸಭೆಯಲ್ಲೇ ಕೂತಿದ್ದ ಸ್ವಂತ ತಂಗಿಯ ಮಗ, ಮಾಯಕ್ಕನಿಗೆಂದು ತೊಟ್ಟಿಲಲ್ಲೇ ಮಾತಾಗಿದ್ದ ಹುಡುಗ, ಎದ್ದು ಬಂದು ಭಂಡಾರ ಹಚ್ಚಿಸಿಕೊಂಡ. ಹಾಡುವಾಗಲೇ ಒಳಗೊಳಗೆ ಲೆಕ್ಕ ಹಾಕಿದ್ದ ಜಾಣ: ಹುಡುಗ ಸಣಕಲ, ಬೆಳಗಾವಿಯ ಸೈನ್ಯದ ಭರ್ತಿಯಲ್ಲಿ ಎದೆ ಅಳೆದು ವಾಪಸು ಕಳಿಸುತ್ತಾರೆ, ನನ್ನ ಮಾನವೂ ಉಳಿಯುತ್ತದೆ, ಅಳಿಯನೂ ಉಳಿಯುತ್ತಾನೆ. ಆದರೆ ಬೆಳಗಾವಿಯವರು ನಾಗಲಿಂಗನನ್ನು ಆರಿಸಿಕೊಂಡೇಬಿಟ್ಟರು. ಯುದ್ಧ ಮುಗಿಯಿತು, ಗೆದ್ದ ಖುಷಿಗೆ ರವಿವಾರ ಪೇಟೆಯಲ್ಲಿ ಕುಂದಾ ಹಂಚಿದರು. ಮಗ ಉಳಿದನೆಂದು ರೇಣವ್ವ ದೇವರಿಗೆ ಕಾಯಿ ಒಡೆಸಿದಳು. ಮುಂದಿನ ಬೇಸಿಗೆಯಲ್ಲಿ ಗಡಿಯ ಹೊಲದಲ್ಲಿ ವೈರಿಗಳು ಹೂತಿಟ್ಟ ಸಿಡಿಮದ್ದು ತೆಗೆಯುತ್ತಿದ್ದಾಗ ಅದು ಸಿಡಿದು ನಾಗಲಿಂಗ ಸತ್ತ. ಅಂದೇ ಭರಮಣ್ಣ ಹಾಡು ಬಿಟ್ಟ. ಮಾಯಕ್ಕ ಬಂದ ಸಂಬಂಧಗಳನ್ನೆಲ್ಲ ಬೇಡವೆಂದು, ಈಗ ಇಪ್ಪತ್ತನಾಲ್ಕರಲ್ಲಿ ಹೂಂ ಅಂದಿದ್ದಳು.

"ಸೋದರತ್ತಿ ಬಂದು ಅರಿಷಿಣ ಹಚ್ಚಲಿಲ್ಲಂದ್ರ ಹಸಿಮಣಿ ಏರಂಗಿಲ್ಲ ಅಂತ ಹಟ ಹಿಡದಾಳ ಕೂಸು," ಭರಮಣ್ಣ ತಟ್ಟೆ ಮುಂದೆ ಚಾಚಿದ. "ನನ್ನ ಮಾರಿ ನೋಡಬ್ಯಾಡ ತಂಗಿ... ಅಕಿ ಮಾರಿ ನೋಡಿ ಬಾ. ಬೇಕಾದ್ರ ಚಪ್ಪಲಿ ತಗೊಂಡ ಹೊಡಿ. ಅವಾ ಪಾಸ ಆಗಂಗಿಲ್ಲಂತ ತಿಳದಿದ್ನವಾ... ಖರೇ ಹೇಳ್ತೀನಿ, ಹೋಗ್ಲಿ ಅಂತ ಹಾಡಿರಲಿಲ್ಲ! ನಿನ್ನ ಸಿಟ್ಟು ನ್ಯಾಯದ್ದ ಐತಿ."

ರೇಣವ್ವ ಮೊರ ಬದಿಗಿಟ್ಟಳು.

"ಸಿಟ್ಟು? ನಿನ್ನ ಮ್ಯಾಲೆ ನನಗೆಲ್ಲಿ ಸಿಟ್ಟೋ ಅಣ್ಣಾ?"

"ಮತ್ತ ಇಷ್ಟು ವರ್ಷ ಯಾಕ ಬರಲಿಲ್ಲ?"

"ಕೇಳಬ್ಯಾಡ. ಬರ್ತೀನಿ ನಡಿ, ಅರಿಷಿಣ ಹಚ್ತೀನಿ. ಅದೊಂದು ಕೇಳಬ್ಯಾಡ."

ಕೇಳದೆ ಬಿಟ್ಟಿದ್ದರೆ! ಆದರೆ ಭರಮಣ್ಣ ಒಳಗೆ ಬಂದು ತಟ್ಟೆ ಕೆಳಗಿಟ್ಟು ತಂಗಿಯ ಕೈ ಹಿಡಿದುಕೊಂಡ. "ಹೇಳವಾ. ನನ್ನಾಣಿ ಐತಿ."

"ಆಣಿ ಹಾಕಿದೇನ..." ರೇಣವ್ವನ ಕಣ್ಣಲ್ಲಿ ದಳದಳ ನೀರು. "ಸಭಾ ಮುಗದ ಸಂಜೀ ಮುಂದ ಅಳಕೋತ ಬಂದಿದ್ದ. 'ಅವ್ವಾ, ನನಗ ಹೆದರಿಕಿ ಆಗ್ತೈತಿ, ಹೋಗೂ ಮನಸಿಲ್ಲ' ಅಂದ. 'ಬ್ಯಾಡ ಬಿಡ, ಮಾವಗ ನಾ ಹೇಳ್ತೀನಿ' ಅಂದ್ನಿ. ಅದಕ್ಕ ಏನಂದ ಗೊತ್ತೇನು? 'ನಾ ಹಿಂದ ಸರದ್ರ ಮಾವಾ ಮತ್ತ ಡಪ್ಪು ಮುಟ್ಟಂಗಿಲ್ಲ. ಹಾಡು ಬಿಟ್ರ ಮಾವಾ ಬದುಕಂಗಿಲ್ಲವ್ವಾ' ಅಂದ. ಅವಾ ದೇಶಕ್ಕಂತ ಹೋಗಲಿಲ್ಲೋ ಅಣ್ಣಾ... ನಿನಗೋಸ್ಕರ ಹೋದ! ನಾನೂ ಸುಮ್ಮನಾದ್ನಿ. ನಿನ್ನ ಮನಿಗೆ ಬಂದ್ರ ಒಂದಿಲ್ಲೊಂದಿನ ಬಾಯಿ ತಪ್ಪಿ ಅಂದೇನಂತ, ಅಂದ್ರ ನೀ ಉಳಿಯಂಗಿಲ್ಲಂತ... ಅದಕ್ಕ ಬರಲಿಲ್ಲ."

ಭರಮಣ್ಣ ಹಿಡಿದಿದ್ದ ತಂಗಿಯ ಕೈ ಬಿಟ್ಟ.

ಮದುವೆಗೆ ರೇಣವ್ವ ಬಂದಳು. ಮಾಯಕ್ಕನ ಕೆನ್ನೆಗೆ ಅರಿಸಿನ ಹಚ್ಚುತ್ತ, "ನನ್ನ ಸೊಸಿ ಆಗಬೇಕಾಗಿತ್ತವಾ ನೀ... ಹೋದ ಮನಿ ಬೆಳಗು" ಎಂದಾಗ ಚಪ್ಪರದ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಣ್ಣ ತಂಗಿ ಒಂದಾದರೆಂದು ಬೀಗರು ಸಂತೋಷಪಟ್ಟರು. "ಅಂತೂ ನಿನ್ನ ತಲಿ ಮ್ಯಾಲಿನ ಭಾರ ಇಳೀತಲ್ಲೋ ಭರಮಾ!" ಎಂದು ಮೇಳದ ಹಳೆಯ ಗೆಳೆಯ ಬಾಳಾಸಾಹೇಬ ಬೆನ್ನು ಚಪ್ಪರಿಸಿದ.

ಭರಮಣ್ಣ ಹೌದೆಂದು ತಲೆಯಾಡಿಸಿದ. ಬಂದವರಿಗೆ ಕೈಮುಗಿದ, ಊಟಕ್ಕೆ ಕೂತವರ ಎಲೆಎಲೆಗೂ ಹೋಗಿ ಉಪಚಾರ ಹೇಳಿದ. ತಂಗಿಯ ಎಲೆಯ ಮುಂದೆ ಬಂದು ನಿಂತ. ರೇಣವ್ವ ತನ್ನ ಎಲೆಯ ಹೋಳಿಗೆ ಮುರಿದು ಅಣ್ಣನ ಕೈಗಿಟ್ಟು, "ತಿನ್ನೋ ಅಣ್ಣಾ, ಮುಂಜಾನಿಂದ ಉಪಾಸ ಅದಿ" ಎಂದಳು. ತಾನು ಉಳಿಯುವುದಿಲ್ಲವೆಂದು ಏಳು ವರ್ಷ ಹೆದರಿದ್ದ ತಂಗಿ ನೋಡುತ್ತಿದ್ದಾಳೆಂದು ಅವನು ಅದನ್ನು ಬಾಯಿಗಿಟ್ಟುಕೊಂಡ.